ಪೂರ್ತಿ ನಾಟಕ ಓದದೆ ರಂಗಕ್ಕೆ ಬಂದವರು

ಪ್ರಶ್ನೆ: ಷೇಕ್ಸ್‌ಪಿಯರ್ ಕಾಲದ ನಟರ ಕೈಗೆ ಅವರವರ ಮಾತುಗಳನ್ನಷ್ಟೇ ಬರೆದುಕೊಡುತ್ತಿದ್ದರಂತೆ. ಹಾಗಾದರೆ ಯಾವಾಗ ಬಾಯಿ ತೆರೆಯಬೇಕೆಂದು ತಿಳಿಯುತ್ತಿದ್ದದ್ದು ಹೇಗೆ? ನಮ್ಮ ಹವ್ಯಾಸಿ ತಂಡ ಹೀಗೆ ಆಡಿ ನೋಡಬಹುದೇ?

ಉತ್ತರ: ಎಲ್ಲವನ್ನೂ ಕೈಯಲ್ಲೇ ನಕಲು ಮಾಡಬೇಕಿದ್ದ ಕಾಲ. ಪ್ರತಿಯೊಬ್ಬರಿಗೂ ಇಡೀ ನಾಟಕ ಬರೆದುಕೊಡುವುದು ದುಬಾರಿ, ನಿಧಾನ. ಹಾಗಾಗಿ ನಟನ ಮಾತುಗಳನ್ನು ಮಾತ್ರ ಬರೆದು, ಹಾಳೆಗಳನ್ನು ಅಂಟಿಸಿ ಸುರುಳಿ ಮಾಡಿಕೊಡುತ್ತಿದ್ದರು. ಅದಕ್ಕೆ ಅವರ ಹೆಸರು 'ಪಾರ್ಟ್'. ನಮ್ಮ ಹಳ್ಳಿ ನಾಟಕದವರು ಇಂದಿಗೂ ಹೇಳುವ 'ಪಾರ್ಟು' ಆ ಪದವೇ.

ಎಡ್ವರ್ಡ್ ಆಲೆನ್ ಎಂಬ ನಟನಿಗಾಗಿ 1591ರ ಸುಮಾರಿಗೆ ಬರೆದ, ರಾಬರ್ಟ್ ಗ್ರೀನ್‌ನ ನಾಟಕವೊಂದರ ಆರ್ಲ್ಯಾಂಡೊ ಪಾತ್ರದ ಸುರುಳಿ ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಉಳಿದಿದೆ. ಅಗಲ ಸುಮಾರು 6 ಅಂಗುಲ. ಮೊದಲು ಒಂದು ಉದ್ದ ಗೆರೆ, ಗೆರೆಯ ತುದಿಯಲ್ಲಿ ಎದುರಿನವನ ಕೊನೆಯ ಒಂದೆರಡು ಪದ (ಇದೇ ಸುಳಿವು), ಕೆಳಗೆ ಆಲೆನ್ನನ ಮಾತು. ಆ ಪದಗಳನ್ನು ಹೇಳುವವರು ಯಾರು, ಎಷ್ಟು ಹೊತ್ತು ಕಾಯಬೇಕು, ಇದು ಸುರುಳಿಯಲ್ಲಿಲ್ಲ. ನಟನಿಗೆ ಕಿವಿಯೇ ಆಧಾರ. ಯಾರು ಯಾವಾಗ ಪ್ರವೇಶಿಸಬೇಕೆಂಬ ಪಟ್ಟಿಯನ್ನು ಹಲಗೆಗೆ ಅಂಟಿಸಿ ನೇಪಥ್ಯದಲ್ಲಿ ತೂಗುಹಾಕುತ್ತಿದ್ದರು. ಪೂರ್ತಿ ಪುಸ್ತಕ ಇರುತ್ತಿದ್ದದ್ದು ಮರೆತ ಮಾತನ್ನು ನೆನಪಿಸುವ ಪ್ರಾಂಪ್ಟರ್ ಬಳಿ.

ಎಡವಟ್ಟಾಗುವುದು ಸುಳಿವಿನ ಪದ ಮೊದಲೇ ಕೇಳಿಬಂದಾಗ. ಷೇಕ್ಸ್‌ಪಿಯರ್‌ನ 'ವೆನಿಸ್ಸಿನ ವರ್ತಕ'ದ ಮೂರನೇ ಅಂಕದಲ್ಲಿ ಸಾಲ ಕೊಟ್ಟ ಶೈಲಾಕ್ ಕರಾರುಪತ್ರ ಹಿಡಿದು 'ನನ್ನ ಪತ್ರ, ನನ್ನ ಪತ್ರ' ಎಂದು ಮತ್ತೆ ಮತ್ತೆ ಗುಡುಗುತ್ತಾನೆ. ಅವನು ಹೊರಟಾಗ ಆಡುವ ಕೊನೆಯ ಮಾತೂ ಅದೇ, ಮುಂದೆ ಮಾತಾಡುವವನಿಗೆ ಸುಳಿವೂ ಅದೇ! ಆ ಎದುರಿನ ನಟ ಮೋಸಹೋಗಿ ನಡುವೆ ಬಾಯಿ ಹಾಕಿದಷ್ಟೂ ಶೈಲಾಕ್‌ನ ರೋಷ ಏರುತ್ತದೆ. ಷೇಕ್ಸ್‌ಪಿಯರ್ ಇದನ್ನು ಬೇಕೆಂದೇ ಹೆಣೆದನೆಂದು ನನ್ನ ಭಾವನೆ.

ನೀವು ಖಂಡಿತ ಆಡಿ ನೋಡಿ. ಮೊದಲಿಗೆ ನಾಲ್ಕೈದು ಪಾತ್ರಗಳ, ಹತ್ತು ನಿಮಿಷದ ಒಂದು ದೃಶ್ಯ ಸಾಕು. ಕನ್ನಡದಲ್ಲಿ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ 'ಇದೆ', 'ಬಂದ', 'ಹೇಳು' ಎಂಬ ಒಂಟಿ ಪದ ಸುಳಿವಾಗಲಾರದು, ಪುಟಕ್ಕೆ ಹತ್ತು ಸಲ ಬರುತ್ತದೆ. ಕೊನೆಯ ಮೂರು ನಾಲ್ಕು ಪದ ಬರೆಯಿರಿ, ಹೇಳುವವರ ಹೆಸರು ಬೇಡ. ಬರೆದಾದ ಮೇಲೆ ಒಬ್ಬರು ಇಡೀ ಪ್ರತಿ ಹಿಡಿದು, ಸುಳಿವು ಬೇರೆಡೆ ಮರುಕಳಿಸಿದೆಯೇ ಎಂದು ನೋಡಲಿ. ವಾಕ್ಯದ ಕೊನೆಗೆ ದನಿ ಇಳಿಸುವ ಅಭ್ಯಾಸವಿದ್ದವರನ್ನು ಮೊದಲೇ ತಿದ್ದಿ. ಅವರ ಕೊನೆಯ ಪದ ಕೇಳಿಸದಿದ್ದರೆ ಎದುರಿನವರು ಸುಮ್ಮನೆ ನಿಂತುಬಿಡುತ್ತಾರೆ.