ಪರ್ಮಿಶನ್, ಓನರ್, ಟೈಮ್: ಯಾವುದು ಮೊದಲು, ಯಾವುದು ಆಮೇಲೆ

ಬ್ಯಾಕಪ್‌ನಿಂದ ಫೈಲುಗಳನ್ನು ವಾಪಸ್ ತರಲು ಲಿನಕ್ಸ್‌ನಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆದಿದ್ದೀರಿ. ಅದರಲ್ಲಿ ಮೂರು ತೊಂದರೆ ಹೇಳಿದ್ದೀರಿ. ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಪ್ರೋಗ್ರಾಂ ತನ್ನ ಓನರ್‌ನ ಅಧಿಕಾರದಲ್ಲಿ ಓಡುವಂತೆ ಮಾಡುವ ಗುರುತು) ಮಾಯವಾಗುತ್ತದೆ, ಡೈರೆಕ್ಟರಿಗಳ ತಾರೀಖು ಇವತ್ತಿನದಾಗುತ್ತದೆ, ಮತ್ತೆ ಒಂದು ಫೈಲಿನ ಮೇಲೆ ಮಾತ್ರ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡಿಸಿದರೂ 'ಆಪರೇಷನ್ ನಾಟ್ ಪರ್ಮಿಟೆಡ್' ಬರುತ್ತದೆ. ನೀವು ಹಾಕಿದ ಕೋಡ್ ಪೂರ್ತಿ ಓದಿದೆ. ಬಳಸಿರುವ ಸಿಸ್ಟಮ್ ಕಾಲ್‌ಗಳೆಲ್ಲ (ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಕೆಲಸ ಹೇಳುವ ಕರೆಗಳು) ಸರಿಯಾದವೇ. ಅವುಗಳ ಕ್ರಮ ಹಿಂದುಮುಂದಾಗಿದೆ, ಮೂರೂ ತೊಂದರೆಗೆ ಕಾರಣ ಅದೊಂದೇ.

ಮೊದಲು ಸೆಟ್‌ಯುಐಡಿ ವಿಷಯ. ನೀವು ಸಿಎಚ್‌ಮಾಡ್ (ಪರ್ಮಿಶನ್ ಬದಲಿಸುವುದು) ಮಾಡಿ ಆಮೇಲೆ ಸಿಎಚ್‌ಓನ್ (ಓನರ್ ಬದಲಿಸುವುದು) ಮಾಡುತ್ತಿದ್ದೀರಿ. ಓಡಿಸಬಹುದಾದ ಫೈಲಿನ ಓನರ್ ಬದಲಾದರೆ ಕರ್ನಲ್ ಸೆಟ್‌ಯುಐಡಿ, ಸೆಟ್‌ಜಿಐಡಿ (ಗ್ರೂಪ್‌ಗೆ ಅದೇ ಥರದ್ದು) ಬಿಟ್‌ಗಳನ್ನು ತಾನೇ ಅಳಿಸಿಬಿಡುತ್ತದೆ. ಇದು ಬೇಕಂತಲೇ ಮಾಡಿರುವ ಏರ್ಪಾಡು. ಇಲ್ಲದಿದ್ದರೆ ಒಬ್ಬರಿಗಾಗಿ ಕೊಟ್ಟ ಅಧಿಕಾರ ಓನರ್ ಬದಲಾದ ಕೂಡಲೇ ಇನ್ನೊಬ್ಬರ ಹೆಸರಿನಲ್ಲಿ ಓಡಲು ಶುರುವಾಗುತ್ತದೆ, ಅಲ್ವಾ? ರೂಟ್ ಆಗಿದ್ದರೆ ಈ ನಿಯಮ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಲಿನಕ್ಸ್ 2.2.13ರಿಂದ ರೂಟ್‌ಗೂ ಇದೇ ನಿಯಮ. ಫೈಲಿಗೆ ಕೊಟ್ಟ ಕೇಪಬಿಲಿಟಿಗಳೂ (ರೂಟ್ ಅಧಿಕಾರದ ಬಿಡಿ ತುಣುಕುಗಳು) ಸಿಎಚ್‌ಓನ್ ಆದ ಮೇಲೆ ಉಳಿಯುವುದಿಲ್ಲ, ಯಾಕೆಂದರೆ ಅವು 'ಸೆಕ್ಯುರಿಟಿ.ಕೇಪಬಿಲಿಟಿ' ಅನ್ನುವ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ (ಫೈಲಿಗೆ ಅಂಟಿಸಿಡುವ ಹೆಚ್ಚುವರಿ ಮಾಹಿತಿ) ಇರುತ್ತವೆ, ಕರ್ನಲ್ ಅದನ್ನೂ ತೆಗೆದುಹಾಕುತ್ತದೆ. ನನಗೆ ಇದು ಗೊತ್ತಾಗಿದ್ದು ರಿಸ್ಟೋರ್ ಮಾಡಿದ ಮಷೀನಿನಲ್ಲಿ ಸಾಮಾನ್ಯ ಯೂಸರ್‌ಗಳಿಗೆ ಪಾಸ್‌ವರ್ಡ್ ಬದಲಿಸಲು ಆಗದೇ ಹೋದಾಗ. ಪಾಸ್‌ವರ್ಡ್ ಬದಲಿಸುವ ಕಮಾಂಡಿನ ಸೆಟ್‌ಯುಐಡಿ ಹೋಗಿಬಿಟ್ಟಿತ್ತು. ಯಾವ ಎರರ್ ಕೂಡ ಬಂದಿರಲಿಲ್ಲ, ಅದೇ ಇದರಲ್ಲಿರುವ ಅಪಾಯ.

ಹಾಗಾಗಿ ಮೊದಲು ಫೈಲಿನ ಒಳಗಿನ ಡೇಟಾ ಪೂರ್ತಿ ಬರೆಯಿರಿ, ಆಮೇಲೆ ಓನರ್, ಆಮೇಲೆ ಪರ್ಮಿಶನ್, ಆಮೇಲೆ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗಳು. ಅದಾದ ಮೇಲೆ ಟೈಮ್. ಇಮ್ಯೂಟಬಲ್ (ಫೈಲನ್ನು ಯಾರೂ ಬದಲಿಸದಂತೆ ತಡೆಯುವ ಗುರುತು) ಥರದ ಫ್ಲ್ಯಾಗ್‌ಗಳು ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಕೋಡ್‌ನಲ್ಲಿ ಕಂಡಿತು. ಒಂದು ಕಡೆ 0644 ಬದಲು ಸುಮ್ನೆ 644 ಅಂತ ಬರೆದಿದ್ದೀರಿ. ಮುಂದೆ ಸೊನ್ನೆ ಇಲ್ಲದಿದ್ದರೆ ಸಿ ಅದನ್ನು ಮಾಮೂಲಿ ಹತ್ತರ ಲೆಕ್ಕದ ಸಂಖ್ಯೆ ಅಂತ ಓದುತ್ತದೆ. ಆಕ್ಟಲ್‌ನಲ್ಲಿ (ಪರ್ಮಿಶನ್ ಬರೆಯುವ ಎಂಟರ ಲೆಕ್ಕ) ಅದು 01204 ಆಗುತ್ತದೆ. ಅಂದರೆ ಓನರ್‌ಗೆ ಬರೆಯಲು ಮಾತ್ರ ಆಗುತ್ತದೆ, ಓದಲು ಆಗುವುದಿಲ್ಲ, ಗ್ರೂಪ್‌ಗೆ ಏನೂ ಇಲ್ಲ, ಹೊರಗಿನವರೆಲ್ಲ ಓದಬಹುದು! ಮೇಲಿಂದ ಸ್ಟಿಕಿ ಬಿಟ್ ಬೇರೆ. ಕಂಪೈಲರ್ ತಕರಾರು ಮಾಡುವುದಿಲ್ಲ, ನೀವೇ ಹುಡುಕಿ ಸರಿ ಮಾಡಬೇಕು.

ಎಲ್ಲ ಕಡೆ ಪಾತ್ ಕೊಟ್ಟು ಸಿಎಚ್‌ಮಾಡ್ ಕರೆಯುತ್ತಿದ್ದೀರಿ, ಅದನ್ನು ಬಿಡಿ. ನೀವು ಫೈಲ್ ಬರೆದು ಮುಗಿಸಿ ಆ ಹೆಸರಿನ ಮೇಲೆ ಸಿಎಚ್‌ಮಾಡ್ ಕರೆಯುವಷ್ಟರಲ್ಲಿ ಬೇರೆ ಯಾರೋ ಅದೇ ಹೆಸರಿನಲ್ಲಿ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಇಟ್ಟಿರಬಹುದು, ಆಗ ರೂಟ್ ಆಗಿ ಓಡುತ್ತಿರುವ ನಿಮ್ಮ ಪ್ರೋಗ್ರಾಂ ಇನ್ಯಾವುದೋ ಫೈಲಿನ ಪರ್ಮಿಶನ್ ಬದಲಿಸಿ ಬರುತ್ತದೆ. ಫೈಲನ್ನು 0600ರಲ್ಲಿ (ಓನರ್ ಮಾತ್ರ ಓದಿ ಬರೆಯಬಹುದು) ಓಪನ್ ಮಾಡಿ, ಆಗ ಸಿಗುವ ಡಿಸ್ಕ್ರಿಪ್ಟರ್ (ಓಪನ್ ಆದ ಫೈಲಿನ ನಂಬರ್) ಕೈಯಲ್ಲಿ ಇಟ್ಟುಕೊಂಡೇ ಎಫ್‌ಸಿಎಚ್‌ಓನ್, ಎಫ್‌ಸಿಎಚ್‌ಮಾಡ್, ಎಫ್‌ಸೆಟ್‌ಎಕ್ಸ್‌ಆಟರ್, ಎಫ್‌ಯುಟೈಮೆನ್ಸ್ ಕರೆಯಿರಿ. 0600ರಲ್ಲಿ ಶುರು ಮಾಡಿದರೆ ಅರ್ಧ ಬರೆದ ಫೈಲನ್ನು ಬೇರೆ ಯೂಸರ್‌ಗಳು ಓದಲು ಆಗುವುದಿಲ್ಲ. ಯುಮಾಸ್ಕ್ (ಹೊಸ ಫೈಲಿನ ಪರ್ಮಿಶನ್ ಕಡಿತ ಮಾಡುವ ಸೆಟ್ಟಿಂಗ್) ಬಗ್ಗೆಯೂ ಚಿಂತೆ ಬೇಡ, ಅದು ಓಪನ್ ಮಾಡುವಾಗ ಕೊಟ್ಟ ಮೋಡ್ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಎಫ್‌ಸಿಎಚ್‌ಮಾಡ್ ಮೇಲೆ ಅಲ್ಲ.

ಡೈರೆಕ್ಟರಿಗಳ ತಾರೀಖು ಇನ್ನೂ ಸುಲಭ. ಡೈರೆಕ್ಟರಿ ಮಾಡಿದ ತಕ್ಷಣ ಅದರ ಟೈಮ್ ಇಡುತ್ತಿದ್ದೀರಿ, ಆಮೇಲೆ ಅದರೊಳಗೆ ಫೈಲ್ ಹಾಕುತ್ತಿದ್ದೀರಿ. ಒಳಗೆ ಒಂದು ಹೊಸ ಹೆಸರು ಸೇರಿದರೂ ಡೈರೆಕ್ಟರಿಯ ಎಮ್‌ಟೈಮ್ (ಒಳಗಿನದು ಕೊನೆಗೆ ಬದಲಾದ ಟೈಮ್) ಬದಲಾಗುತ್ತದೆ. ಒಳಗಿನದೆಲ್ಲ ಮುಗಿದ ಮೇಲೆ, ಹೊರಗೆ ಬರುವಾಗ ಇಡಿ. ಡೈರೆಕ್ಟರಿಯ ಪರ್ಮಿಶನ್ ಕೂಡ ಆಗಲೇ ಇಟ್ಟರೆ ಒಳ್ಳೆಯದು, ಇಲ್ಲದಿದ್ದರೆ ರೂಟ್ ಅಲ್ಲದೆ ಓಡಿಸಿದ ದಿನ 0555 ಇರುವ ಡೈರೆಕ್ಟರಿಯೊಳಗೆ ಫೈಲ್ ಹಾಕಲು ಆಗುವುದಿಲ್ಲ. ಎಮ್‌ಟೈಮ್ ಮಾತ್ರ ಬದಲಿಸಬೇಕು, ಎಟೈಮ್ (ಕೊನೆಗೆ ಓದಿದ ಟೈಮ್) ಹಾಗೇ ಇರಲಿ ಅಂದರೆ ಎಟೈಮ್‌ನ ನ್ಯಾನೋಸೆಕೆಂಡ್ ಜಾಗದಲ್ಲಿ ಯುಟೈಮ್_ಓಮಿಟ್ ಕೊಡಿ. ಸಿಟೈಮ್ (ಡೇಟಾ ಅಥವಾ ಆಟ್ರಿಬ್ಯೂಟ್ ಕೊನೆಗೆ ಬದಲಾದ ಟೈಮ್) ಅನ್ನು ಹಳೆಯದಕ್ಕೆ ತರಲು ಮಾತ್ರ ಹೋಗಬೇಡಿ. ಅದನ್ನು ಇಡಲು ಸಿಸ್ಟಮ್ ಕಾಲೇ ಇಲ್ಲ, ಯಾವ ಆಟ್ರಿಬ್ಯೂಟ್ ಮುಟ್ಟಿದರೂ ಕರ್ನಲ್ ಅದನ್ನು ಆ ಕ್ಷಣದ ಟೈಮ್‌ಗೆ ತರುತ್ತದೆ.

ಇನ್ನು ರೂಟ್‌ಗೂ ಬಗ್ಗದ ಆ ಫೈಲು. ಫ್ಲ್ಯಾಗ್‌ಗಳನ್ನು ತೋರಿಸುವ ಎಲ್‌ಎಸ್‌ಆಟರ್ ಕಮಾಂಡ್ ಓಡಿಸಿ ನೋಡಿ, 'ಐ' ಅಕ್ಷರ ಕಾಣುತ್ತದೆ ಅಂತ ನನಗೆ ಖಾತ್ರಿ. ನಿಮ್ಮ ಪ್ರೋಗ್ರಾಂ ಇಮ್ಯೂಟಬಲ್ ಫ್ಲ್ಯಾಗ್ ಮೊದಲು ಹಾಕಿ ಆಮೇಲೆ ಓನರ್ ಬದಲಿಸಲು ಹೋಗುತ್ತಿದೆ. ಆ ಫ್ಲ್ಯಾಗ್ ಇರುವ ತನಕ ಪರ್ಮಿಶನ್, ಓನರ್ ಬದಲಿಸಲು ರೂಟ್‌ಗೂ ಬಿಡುವುದಿಲ್ಲ, ಫೈಲ್ ಅಳಿಸಲೂ ಆಗುವುದಿಲ್ಲ. ಎರಡನೇ ಸಲ ಓಡಿಸುವ ಮೊದಲು 'ಸಿಎಚ್‌ಆಟರ್ -ಐ' ಕೊಟ್ಟು ಫ್ಲ್ಯಾಗ್ ತೆಗೆಯಿರಿ.

ಈ ಫ್ಲ್ಯಾಗ್‌ಗಳಿಗೆ ನೀವು ಬಳಸಿರುವ ಐಆಕ್ಟಲ್ (ioctl, ಮೇಲಿನ ಆಕ್ಟಲ್ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇಲ್ಲ) ಕರೆಯಲ್ಲಿ ಎರಡು ಕಡೆ ಎಡವುವ ಜಾಗ ಇದೆ. ನೇರವಾಗಿ ಹೊಸ ಬೆಲೆ ಬರೆದರೆ ಮೊದಲಿದ್ದ ಬೇರೆ ಫ್ಲ್ಯಾಗ್‌ಗಳು ಹೋಗಬಹುದು. ಗೆಟ್‌ಫ್ಲ್ಯಾಗ್ಸ್ ಮೂಲಕ ಓದಿ, ಬೇಕಾದ ಬಿಟ್ ಸೇರಿಸಿ, ಆಮೇಲೆ ಸೆಟ್‌ಫ್ಲ್ಯಾಗ್ಸ್ ಕರೆಯಿರಿ. ಮತ್ತೆ ಹೆಡರ್ ಫೈಲಿನಲ್ಲಿ ಲಾಂಗ್ ಅಂತ ಇದ್ದರೂ ಕರ್ನಲ್ ನಿಜವಾಗಿ ಓದುವುದು ಇಂಟ್, ಹಾಗಾಗಿ ವೇರಿಯಬಲ್ ಇಂಟ್ ಇರಲಿ. ಐಆಕ್ಟಲ್‌ಗೆ ಫೈಲ್ ಓಪನ್ ಆಗಿರಲೇಬೇಕು, ಅದಕ್ಕೇ ಸಿಮ್‌ಲಿಂಕ್, ಡಿವೈಸ್ ಫೈಲುಗಳಲ್ಲಿ ಇದು ಕಷ್ಟ. ಲಿನಕ್ಸ್ 6.17ರಲ್ಲಿ ಫೈಲ್_ಸೆಟ್‌ಆಟರ್ ಅನ್ನುವ ಹೊಸ ಸಿಸ್ಟಮ್ ಕಾಲ್ ಬಂದಿದೆ, ಅದು ಪಾತ್ ತೆಗೆದುಕೊಳ್ಳುತ್ತದೆ. ನಿಮಗೆ ಸದ್ಯಕ್ಕೆ ಐಆಕ್ಟಲ್ ಸಾಕು.

ಕೊನೆಗೆ, ಪ್ರತಿ ಕರೆಯ ರಿಟರ್ನ್ ಬೆಲೆ ನೋಡಿ. ನಿಮ್ಮ ಕೋಡ್‌ನಲ್ಲಿ ಓಪನ್ ಒಂದನ್ನು ಬಿಟ್ಟರೆ ಬೇರೆ ಎಲ್ಲೂ ನೋಡಿಲ್ಲ. ಬದಲಾವಣೆ ಮಾಡಿದ ಮೇಲೆ ಒಂದು ಸಣ್ಣ ಡೈರೆಕ್ಟರಿಯ ಮೇಲೆ ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ಓಡಿಸಿ, ಯಾವ ಕರೆ ಯಾವಾಗ ಹೋಯಿತು, ಯಾವುದು ಮೈನಸ್ ಒಂದು (ಅಂದರೆ ಎರರ್) ಕೊಟ್ಟಿತು ಅಂತ ಸಾಲಾಗಿ ಕಾಣುತ್ತದೆ. ಇನ್ನೂ ಸಿಕ್ಕಿಕೊಂಡರೆ ಆ ಔಟ್‌ಪುಟ್ ಇಲ್ಲೇ ಹಾಕಿ, ಸೇರಿ ನೋಡೋಣ.