ಹಸುವಿನ ಐವಿಎಫ್‌ನಲ್ಲಿ (ಲ್ಯಾಬಿನಲ್ಲಿ ಅಂಡ-ವೀರ್ಯಾಣು ಸೇರಿಸಿ ಭ್ರೂಣ ಮಾಡುವುದು) ಅಂಡದ ಸುತ್ತಲಿನ ಕೋಶಗಳನ್ನು ಮೊದಲೇ ಯಾಕೆ ಬಿಡಿಸುವುದಿಲ್ಲ?

ಶಿರಸಿ ಕಡೆಯ, ಮಲೆನಾಡು ಗಿಡ್ಡ ಸಾಕುವವರೊಬ್ಬರ ಪ್ರಶ್ನೆ ಇದು: ಅಂಡಕ್ಕೆ ಅಂಟಿದ ಕೋಶ ತೆಗೆದುಬಿಟ್ಟರೆ ವೀರ್ಯಾಣುವಿಗೆ ದಾರಿ ಸಲೀಸಲ್ವಾ?

ಸಿಪ್ಪೆ ಸುಲಿಯೋದು ನಮ್ಮ ಅಡಿಕೆಗೆ ಸರಿ. ಅಂಡಕ್ಕೆ ಉಲ್ಟಾ.

ಆ ಕೋಶಗಳಿಗೆ ಕ್ಯೂಮ್ಯುಲಸ್ ಅನ್ನುತ್ತಾರೆ. ಅಂಡಾಶಯದಿಂದ ಸೂಜಿಯಲ್ಲಿ ಎಳೆದ ಅಂಡ ಸಾಮಾನ್ಯವಾಗಿ ಇನ್ನೂ ಬಲಿತಿರುವುದಿಲ್ಲ. ಸುಮಾರು 38.5 ಡಿಗ್ರಿಯಲ್ಲಿ, ಅಂದರೆ ಹಸುವಿನ ಮೈಬಿಸಿಯಲ್ಲೇ, 22ರಿಂದ 24 ಗಂಟೆ ಇಟ್ಟು ಬಲಿಸಬೇಕು. ಅಷ್ಟು ಹೊತ್ತು ಅದಕ್ಕೆ ಉಣಿಸುವುದು ಈ ಕೋಶಗಳೇ. ಗ್ಲೂಕೋಸನ್ನು ನೇರವಾಗಿ ಬಳಸಿಕೊಳ್ಳುವ ತಾಕತ್ತು ಅಂಡಕ್ಕೆ ಕಡಿಮೆ. ಕ್ಯೂಮ್ಯುಲಸ್ ಕೋಶಗಳು ಅದನ್ನು ಪೈರುವೇಟ್ ಅನ್ನುವ, ಅಂಡ ಸುಲಭವಾಗಿ ಬಳಸಬಲ್ಲ ಇಂಧನವಾಗಿ ಮಾಡಿ ಕೊಡುತ್ತವೆ. ಅಂಡದ ಹೊರಪದರವನ್ನು ತೂರಿ ಹೋದ ಅವುಗಳ ಸಣ್ಣ ಸಣ್ಣ ಎಳೆಗಳೇ ಇಬ್ಬರ ನಡುವಿನ ಸಂಕ. ಅಂಡದೊಳಗೆ ಗ್ಲುಟಾಥಯೋನ್ ಅನ್ನುವ ರಕ್ಷಕ ವಸ್ತು ತಯಾರಾಗಲೂ ಅವು ನೆರವಾಗುತ್ತವೆ. ಒಳಹೊಕ್ಕ ವೀರ್ಯಾಣುವಿನ ತಲೆ ಬಿಚ್ಚಿಕೊಳ್ಳಲು ಅದು ಬೇಕೇ ಬೇಕು.

ಮೈಕ್ರೋಸ್ಕೋಪಿನಲ್ಲಿ ಮೊದಲ ದಿನ ಈ ಕೋಶಗಳು ಒತ್ತೊತ್ತಾಗಿ ಕಾಣುತ್ತವೆ. ಮರುದಿನ ಅರಳಿ, ಜಿಗುಟಾದ ಮೋಡದ ಹಾಗೆ ಆಗಿರುತ್ತವೆ. ಆ ಜಿಗುಟು ಹೈಅಲುರಾನಿಕ್ ಆಮ್ಲದ್ದು. ವೀರ್ಯಾಣುಗಳು ಅದರಲ್ಲಿ ಸಿಕ್ಕಿಕೊಂಡು ಅಂಡದ ಹತ್ತಿರವೇ ಉಳಿಯುತ್ತವೆ. ಬಲಿಸುವ ಮೊದಲೇ ಕೋಶ ಕಿತ್ತರಂತೂ ಏಳು ದಿನದ ಭ್ರೂಣ ಸಿಗುವುದು ತೀರಾ ಕಡಿಮೆ. ಅದಕ್ಕೇ ಲ್ಯಾಬಿನವರು ಸುತ್ತ ಹಲವು ಪದರ ದಟ್ಟವಾಗಿರುವ ಅಂಡಗಳನ್ನೇ ಆರಿಸುತ್ತಾರೆ.

ಬಿಡಿಸುವುದು ಇದ್ದೇ ಇದೆ, ಆದರೆ ವೀರ್ಯಾಣುಗಳ ಜೊತೆ ಸುಮಾರು 18 ಗಂಟೆ ಬಿಟ್ಟ ಮೇಲೆ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಒಳಗೆ ಬಿಡುವ ವಿಧಾನವಾದರೆ ಮಾತ್ರ, ಅಂಡ ಬಲಿತ ಕೂಡಲೇ ತೆಗೆಯುತ್ತಾರೆ.