ಆಕಾಶದ ಬೆಳಕಿನ ಕಂಬ ಎಷ್ಟು ದೂರ ಕಾಣುತ್ತದೆ?

ಪ್ರಶ್ನೆ: ನಮ್ಮೂರ ಜಾತ್ರೆಯ ಸರ್ಚ್‌ಲೈಟ್ ಪಕ್ಕದ ಊರಿಗೂ ಕಾಣಿಸಿತಂತೆ. ಇಂಥ ಬೆಳಕು ಎಷ್ಟು ದೂರ ಕಾಣುತ್ತದೆ?

ಉತ್ತರ: ನಾನು ನೋಡಿದ್ದರಲ್ಲಿ ದೊಡ್ಡದು ನ್ಯೂಯಾರ್ಕಿನದು. ಪ್ರತಿ ಸೆಪ್ಟೆಂಬರ್ 11ರ ರಾತ್ರಿ, ಉರುಳಿದ ಅವಳಿ ಕಟ್ಟಡಗಳ ನೆನಪಿಗೆ ಅಲ್ಲಿ 88 ಸರ್ಚ್‌ಲೈಟ್ ಹಚ್ಚುತ್ತಾರೆ. ಒಂದೊಂದೂ 7,000 ವಾಟ್‌ನ ಕ್ಸೆನಾನ್ ದೀಪ. ಆಕಾಶ ತಿಳಿಯಾಗಿದ್ದರೆ ಸುಮಾರು 95 ಕಿ.ಮೀ. ದೂರಕ್ಕೂ ಕಾಣುತ್ತದೆ. ನ್ಯೂಜೆರ್ಸಿಯಲ್ಲಿ ಮಗಳ ಮನೆಯ ಮಹಡಿಯಿಂದ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ನಮಗೆ ಕಾಣುವುದು ದೀಪ ಅಲ್ಲ, ಗಾಳಿಯಲ್ಲಿರುವ ದೂಳು, ತೇವ ಚದುರಿಸಿದ ಬೆಳಕು. ಗಾಳಿ ತೀರಾ ಶುದ್ಧವಾಗಿದ್ದರೆ ಕಂಬ ಮಂಕು. ಮಂಜು ಜಾಸ್ತಿಯಾದರೆ ದೂರದವರಿಗೆ ಕಾಣುವುದೇ ಇಲ್ಲ.

ವಲಸೆ ಹಕ್ಕಿಗಳು ಆ ಬೆಳಕಲ್ಲಿ ಸಿಕ್ಕಿ ಸುತ್ತುತ್ತಲೇ ಇರುತ್ತವೆ, ಪಾಪ. ಅವು ಸಾವಿರ ದಾಟಿದರೆ 20 ನಿಮಿಷ ದೀಪ ಆರಿಸುತ್ತಾರೆ. ಆ ಕಾಳಜಿ ನನಗೆ ತುಂಬ ಹಿಡಿಸಿತು.